ನಕಾಶೆಯೊಳಗಿನ ಹಳೆಯ ಗೋಡೆ

ಮನೆ ವಿಸ್ತರಣೆಯ ನಕಾಶೆಯಲ್ಲಿ ಹೆಚ್ಚಿನ ಪಾಲು ಹಳೆಯ ಮನೆಯದೇ. ಬೀದರ್ ಜಿಲ್ಲೆಯ ಕಮಠಾಣದಂಥ ಊರಲ್ಲಿ ಮಗನ ಮದುವೆ ಗೊತ್ತಾಯಿತೆಂದರೆ ಅಜ್ಜನ ಕಾಲದ ಪಡಸಾಲೆಗೆ ಒಂದು ಖೋಲಿ, ಮೇಲೆ ಹತ್ತಲು ಒಂದು ಮೆಟ್ಟಿಲು ಸೇರಬೇಕಾಗುತ್ತದೆ. ಖಾಲಿ ನಿವೇಶನದಲ್ಲಿ ಇಂಜಿನಿಯರ್ ಬೇಕಾದಲ್ಲಿ ಗೆರೆ ಎಳೆಯಬಹುದು. ಇಲ್ಲಿ ಹಾಗಲ್ಲ, ಹಳೆಯ ಗೋಡೆ ಎಲ್ಲಿದೆ, ಎಷ್ಟು ದಪ್ಪ, ಮಾಳಿಗೆಯ ನೀರು ಯಾವ ಕಡೆ ಬೀಳುತ್ತದೆ ಎಂಬುದೆಲ್ಲ ಮೊದಲು ಕಾಗದಕ್ಕಿಳಿಯಬೇಕು. ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, 11ರಲ್ಲಿ ಜಾಗದ ಅಳತೆ ಸಿಗುತ್ತದೆ, ಚಕ್ಕುಬಂದಿ ಸಿಗುತ್ತದೆ. ಗೋಡೆ ಸಿಗುವುದಿಲ್ಲ. ಆದ್ದರಿಂದ ಕೆಲಸ ಟೇಪು ಹಿಡಿಯುವುದರಿಂದಲೇ ಶುರು.

ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕೊಯ್ದು, ಮೇಲಿನದನ್ನು ಎತ್ತಿಟ್ಟು ಬಗ್ಗಿ ನೋಡಿದರೆ ಕಾಣುವುದೇ ಪ್ಲ್ಯಾನ್. ಕೊಯ್ತಕ್ಕೆ ಸಿಕ್ಕ ಗೋಡೆ, ಕಂಬಗಳಿಗೆ ದಪ್ಪ ಗೆರೆ. ಕೆಳಗೆ ಉಳಿದ ಅಡುಗೆ ಕಟ್ಟೆ, ಹೊಸ್ತಿಲು, ಮೆಟ್ಟಿಲಿಗೆ ತೆಳು ಗೆರೆ. ತಲೆಯ ಮೇಲಿರುವ ಬೀಮು, ಅಟ್ಟ, ಛಜ್ಜಾಗಳಿಗೆ ತುಂಡು ಗೆರೆ. ಬಾಗಿಲಿನ ಹತ್ತಿರದ ಕಾಲು ವೃತ್ತ ಕದ ಎತ್ತ ತೆರೆಯುತ್ತದೆಂದು ಹೇಳುತ್ತದೆ. ಮಂಚ, ಕಪಾಟು ಎಲ್ಲಿ ಕೂರಬಹುದೆಂಬುದನ್ನು ತೀರ್ಮಾನಿಸುವುದು ಅದೇ. ಕಮಠಾಣದ ಪಾರ್ಶ್ವನಾಥ ಬಸದಿ ಕಟ್ಟಿದವರ ಬಳಿ ಇಂಥ ಕಾಗದ ಇದ್ದಿರಲಾರದು. ಆದರೂ ನಕಾಶೆ ಹೊಸದಲ್ಲ, ಭೋಪಾಲದ ಹತ್ತಿರದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ ಶಿಲ್ಪಿಗಳು ಸುತ್ತಲಿನ ಬಂಡೆಗಳ ಮೇಲೆಯೇ ಗೀರಿದ ಗುಡಿಯ ನಕಾಶೆಗಳು ಇಂದಿಗೂ ಉಳಿದಿವೆ. ಇಂದಿನ ಮಿಸ್ತ್ರಿ ನೆಲದ ಮೇಲೆ ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಎಳೆಯುವ ಗೆರೆಯೂ ಆ ಕುಲದ್ದೇ.

ಕಾಗದದ ಮೇಲೆ 1:100 ಎಂದಿದ್ದರೆ ಒಂದು ಸೆಂಟಿಮೀಟರಿಗೆ ಒಂದು ಮೀಟರ್. ಆದರೂ ಸ್ಕೇಲ್ ಪಟ್ಟಿ ಇಟ್ಟು ಅಳೆಯಬಾರದು, ಬರೆದ ಅಂಕಿಯನ್ನೇ ನಂಬಬೇಕು. ಜೆರಾಕ್ಸಿನಲ್ಲಿ ಗೆರೆ ಕುಗ್ಗುತ್ತದೆ, ಮೊಬೈಲಿನಲ್ಲಿ ಬಂದ ಚಿತ್ರಕ್ಕೆ ಅಳತೆ ಎಂಬುದೇ ಇಲ್ಲ. ಹಳೆಯ ಹೈದರಾಬಾದ್ ಸೀಮೆಯಲ್ಲಿ ಇನ್ನೊಂದು ತೊಡಕು: ಹಿರಿಯರ ಮಾತು ಗಜದಲ್ಲಿ, ಹೊಲದ ಲೆಕ್ಕ ಗುಂಟೆಯಲ್ಲಿ, ಮಿಸ್ತ್ರಿಯದು ಅಡಿಯಲ್ಲಿ, ನಕಾಶೆಯದು ಮಿಲಿಮೀಟರಿನಲ್ಲಿ. 230 ಎಂದು ಕಂಡರೆ ಅದು ಒಂಬತ್ತು ಇಂಚಿನ ಗೋಡೆ. ಅಳತೆ ಹೊರಗಿನದೋ ಒಳಗಿನದೋ ಎಂಬುದನ್ನೂ ಕೇಳಿಕೊಳ್ಳಬೇಕು. ಹೊರಗಿನಿಂದ 30 ಅಡಿ ಉದ್ದ, 20 ಅಡಿ ಅಗಲದ ಕಟ್ಟಡಕ್ಕೆ ಎರಡಡಿ ದಪ್ಪದ ಕಲ್ಲಿನ ಗೋಡೆಯಿದ್ದರೆ ಒಳಗೆ ಸಿಗುವುದು 26ಕ್ಕೆ 16, ಅಂದರೆ 600 ಚದರಡಿಯಲ್ಲಿ 416. ಉಳಿದ 184 ಗೋಡೆಯ ಪಾಲು.

ಹಳೆಯದು ಹೊಸದು ಬೇರೆ ತೋರಿಸಲು ಬಣ್ಣಗಳಿವೆ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪಟ್ಟಿಯ ಪ್ರಕಾರ ಇರುವ ಕಟ್ಟಡಕ್ಕೆ ಕಪ್ಪು ಗೆರೆ, ಕೆಡವುವುದಕ್ಕೆ ಹಳದಿ ಓರೆಗೆರೆ, ಹೊಸದಾಗಿ ಕಟ್ಟುವುದಕ್ಕೆ ತುಂಬಿದ ಕೆಂಪು. ಬಣ್ಣದ ಹಾಳೆಯನ್ನು ಕಪ್ಪು ಬಿಳುಪು ಜೆರಾಕ್ಸ್ ಮಾಡಿಸಿ ಕೊಟ್ಟ ಮನೆಯಲ್ಲಿ ಮಿಸ್ತ್ರಿ "ಯಾವ ಗ್ವಾಡಿ ಒಡೀಬೇಕ್ರಿ?" ಎಂದು ಕೇಳುವುದು ಸಹಜ. ಕೇಳಿದರೆ ಪುಣ್ಯ. ಅದೇ ಪಟ್ಟಿಯಲ್ಲಿ ನೀಲಿ ಪ್ರತಿಗೂ ಒಂದು ಸಾಲಿದೆ, ಅದರಲ್ಲಿ ಹಳೆಯ ಕಟ್ಟಡದ ಗೆರೆ ಬಿಳಿ. 1842ರಲ್ಲಿ ಜಾನ್ ಹರ್ಷಲ್ ಕಬ್ಬಿಣದ ಲವಣಗಳಿಂದ ಕಂಡುಹಿಡಿದ ಆ ಪ್ರತಿಯಲ್ಲಿ ಕಾಗದವೆಲ್ಲ ನೀಲಿ, ಗೆರೆ ಮಾತ್ರ ಬಿಳಿ. ಬೀದರಿನವರಿಗೆ ಈ ನೋಟ ಹೊಸದಲ್ಲ. ಬಿದ್ರಿ ಕಸಬಿನವರು ಎರಕದ ಪಾತ್ರೆಯನ್ನು ನಯಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸಿ, ಅದರ ಮೇಲೆ ಮೊನೆಯಿಂದ ಬಳ್ಳಿ ಹೂ ಗೀಚಿದಾಗಲೂ ಹೀಗೆಯೇ ಬೆಳ್ಳಗೆ ಗೆರೆ ಮೂಡುತ್ತದೆ. ಕೆತ್ತನೆ, ಬೆಳ್ಳಿ ತಂತಿ ಎಲ್ಲ ಆಮೇಲೆ.

ಪ್ಲ್ಯಾನ್ ಅಡ್ಡ ಕೊಯ್ತವಾದರೆ ಸೆಕ್ಷನ್ ಉದ್ದ ಕೊಯ್ತ. ಮನೆ ಕಟ್ಟಿಸುವವರು ಹೆಚ್ಚಾಗಿ ಮುಂಭಾಗದ ಚಿತ್ರ ನೋಡಿ ಸಂತೋಷಪಟ್ಟು ಸೆಕ್ಷನ್ ಹಾಳೆಯನ್ನು ಮಗುಚಿಡುತ್ತಾರೆ. ಅದನ್ನು ಕಲಿಯಲು ಬೀದರಿನ ಮಹಮೂದ್ ಗಾವಾನನ ಮದರಸಾಕ್ಕಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿಲ್ಲ. ಇರಾನಿನ ಗೀಲಾನಿನಿಂದ ಬಂದು ಬಹಮನಿ ಮಂತ್ರಿಯಾದ ಗಾವಾನ್ ಇದನ್ನು 1472ರಲ್ಲಿ ಕಟ್ಟಿಸಿದ. ಸುಮಾರು 205 ಅಡಿಗೆ 180 ಅಡಿಯ ಕಟ್ಟಡ, ಮೂರು ಅಂತಸ್ತು, ನಡುವೆ ಅಂಗಳ, ಪೂರ್ವದ ಮುಂಭಾಗದಲ್ಲಿ ಎರಡು ಮಿನಾರು, ಮೈಮೇಲೆ ಬಣ್ಣದ ಹೊಳಪಿನ ಹೆಂಚು. 1481ರಲ್ಲಿ ಸುಲ್ತಾನನ ಅಪ್ಪಣೆಯಂತೆ ಗಾವಾನನ ತಲೆ ಹೋಯಿತು, ಕಟ್ಟಡ ಉಳಿಯಿತು. 1657ರಲ್ಲಿ ಬೀದರ್ ಔರಂಗಜೇಬನ ವಶವಾದ ಮೇಲೆ ಮೊಗಲರು ಅದರಲ್ಲಿ ಮದ್ದು ತುಂಬಿದರು, ಆ ಶತಮಾನದ ಕೊನೆಗೆ ಮದ್ದು ಸಿಡಿದು ಆಗ್ನೇಯ ಭಾಗ, ಮುಖ್ಯ ದ್ವಾರ, ದಕ್ಷಿಣದ ಮಿನಾರು ಹೋದವು. ಮುರಿದ ಕಡೆಯಿಂದ ನೋಡಿದರೆ ಅಂತಸ್ತಿನ ಮೇಲೆ ಅಂತಸ್ತು ಕೂತ ಬಗೆ, ಕಮಾನಿನ ಹಿಂದಿನ ಖೋಲಿಯ ಆಳ, ಗೋಡೆಯ ದಪ್ಪ ಒಟ್ಟಿಗೆ ಕಾಣುತ್ತವೆ. ಯಾವ ಇಂಜಿನಿಯರನೂ ಇಷ್ಟು ದೊಡ್ಡ ಸೆಕ್ಷನ್ ಬರೆದಿಲ್ಲ. ಉಳಿದ ಉತ್ತರದ ಮಗ್ಗುಲನ್ನು ಮಗುಚಿ ದಕ್ಷಿಣಕ್ಕಿಟ್ಟರೆ ಹೋದ ಭಾಗವೂ ತುಂಡು ಗೆರೆಯಲ್ಲಿ ತುಂಬಿಕೊಳ್ಳುತ್ತದೆ, ಏಕೆಂದರೆ ಎರಡೂ ಕಡೆ ಸರಿಸಮ.

ಕಮಠಾಣದ ಮನೆಗೆ ಆ ಸಮಾನತೆ ಇರುವುದಿಲ್ಲ. ಅದನ್ನು ಕಟ್ಟಿದವರೇ ಮೂರು ತಲೆಮಾರಿನವರು. ಒಂದು ಮೂಲೆ ಒಳಗೆ ಸೇರಿದೆ, ಒಂದು ಗೋಡೆ ಸೊಟ್ಟ. ಅಳೆಯುವಾಗ ಉದ್ದಗಲ ಸಾಲದು, ಮೂಲೆಯಿಂದ ಮೂಲೆಗೆ ಕರ್ಣವನ್ನೂ ಹಿಡಿಯಬೇಕು. ಎದುರು ಬದುರಿನ ಗೋಡೆಗಳೂ ಎರಡೂ ಕರ್ಣಗಳೂ ಸಮ ಬಂದರೆ ಆಯತ, ಬರದಿದ್ದರೆ ಸೊಟ್ಟವನ್ನು ಸೊಟ್ಟವಾಗಿಯೇ ಬರೆಯಬೇಕು. ಗೋಡೆ ಎರಡಡಿ ದಪ್ಪವೆಂದು ಬರೆದ ಮಾತ್ರಕ್ಕೆ ಗಟ್ಟಿ ಎಂದಾಗದು. ಮಣ್ಣಿನಲ್ಲಿ ಕಟ್ಟಿದ ಹಳೆಯ ಕಲ್ಲು ಗೋಡೆ ಎಷ್ಟೋ ಸಲ ಎರಡು ಪದರದ್ದು, ನಡುವೆ ಚೂರುಗಲ್ಲು, ಎರಡನ್ನೂ ಹಿಡಿಯುವ ಅಡ್ಡಗಲ್ಲು ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥ ಗೋಡೆಗಳೇ, ಜೊತೆಗೆ ಮಾಳಿಗೆಯ ಮಣ್ಣಿನ ಭಾರ. ಆದ್ದರಿಂದ ಸೆಕ್ಷನ್ನಿನಲ್ಲಿ ಹೊಸ ಸ್ಲ್ಯಾಬು ಹಳೆಯ ಗೋಡೆಯ ಮೇಲೆ ಕೂತಂತೆ ಕಂಡರೆ ಅಲ್ಲಿಯೇ ಬೆರಳಿಟ್ಟು ಕೇಳಬೇಕು. ಹೊಸ ಭಾರಕ್ಕೆ ಹೊಸ ಕಾಲಮ್ಮು, ನಡುವೆ ಸಣ್ಣ ಸಂದು, ಇದು ಸರಿಯಾದ ಕ್ರಮ. ಎರಡು ಬುನಾದಿಗಳು ಒಂದೇ ಸಮ ಕುಸಿಯುವುದಿಲ್ಲ, ಬಿಗಿದು ಕಟ್ಟಿದರೆ ಸೇರಿದಲ್ಲಿ ಬಿರುಕು.

ಬುನಾದಿಯ ಹಾಳೆ ಬೇರೆಯೇ ಇರುತ್ತದೆ. ಪ್ಲ್ಯಾನಿನಲ್ಲಿ 230ಕ್ಕೆ 300 ಎಂದು ಪುಟ್ಟದಾಗಿ ಕಾಣುವ ಕಾಲಮ್ಮಿನ ಕೆಳಗೆ ನಾಲ್ಕಡಿ ಚೌಕದ ಫುಟಿಂಗ್ ಹರಡಿರಬಹುದು. ಅದು ಹಳೆಯ ಗೋಡೆಯ ಬುನಾದಿಗೆ ತಾಗುತ್ತದೆಯೋ, ಪಕ್ಕದವರ ಜಾಗಕ್ಕೆ ಹೋಗುತ್ತದೆಯೋ ಎಂದು ತಿಳಿಯುವುದು ಇಲ್ಲಿ ಮಾತ್ರ. ಹಳೆಯ ಬುನಾದಿಗಿಂತ ಆಳಕ್ಕೆ ಗೋಡೆಯ ಬುಡದಲ್ಲೇ ಅಗೆದರೆ ಗೋಡೆ ವಾಲುತ್ತದೆ.

ಇನ್ನು ಮಟ್ಟಗಳು. ಸೊನ್ನೆ ಎಂದು ಬರೆದದ್ದು ಯಾವುದೋ ಒಂದು ನೆಲ. +450 ಅಂದರೆ ಅದಕ್ಕಿಂತ ಒಂದೂವರೆ ಅಡಿ ಮೇಲೆ. ಸಿಸಿ ರಸ್ತೆ ಒಂದರ ಮೇಲೊಂದು ಬಿದ್ದು ಬೀದಿ ಏರಿದ ಕಡೆ ಹಳೆಯ ಪಡಸಾಲೆ ತಗ್ಗಿಗಿರುತ್ತದೆ, ಹೊಸ ಖೋಲಿಯನ್ನು ಎತ್ತರಿಸಲೇಬೇಕು. ಹಾಗಾದಾಗ ನಡುವಿನ ಮೆಟ್ಟಿಲು ಎಷ್ಟು, ಹಳೆಯ ಬಾಗಿಲ ಎತ್ತರ ಸಾಕೇ, ಮಾಳಿಗೆಯ ದೋಣಿ ಹೊಸ ಗೋಡೆಗೆ ಹಾಯುತ್ತದೆಯೇ ಎಂಬುದನ್ನು ಸೆಕ್ಷನ್ನಿನಲ್ಲೇ ನೋಡಿಕೊಳ್ಳಬೇಕು.

1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಅನುಮತಿಗೆ ಸಲ್ಲಿಸುವ ಹಾಳೆ ಒಂದು, ಮಿಸ್ತ್ರಿ ಹಿಡಿದು ಕಟ್ಟುವ ಹಾಳೆಗಳು ಹಲವು. ಎರಡೂ ಒಂದೇ ಮನೆಯವಾಗಿರಬೇಕು. ಹಾಳೆಯ ಬಲ ಮೂಲೆಯ ಚೌಕದಲ್ಲಿ ಸ್ಕೇಲ್, ಉತ್ತರ ದಿಕ್ಕು, ತಾರೀಖು, ಎಷ್ಟನೆಯ ತಿದ್ದುಪಡಿ ಎಂಬುದು ಇರುತ್ತದೆ. ತಿದ್ದಿದ ಹಾಳೆ ಬಂದ ದಿನವೇ ಹಳೆಯದನ್ನು ಮಿಸ್ತ್ರಿ, ಸೆಂಟ್ರಿಂಗಿನವ, ಕಬ್ಬಿಣ ಕಟ್ಟುವವ ಎಲ್ಲರ ಕೈಯಿಂದ ವಾಪಸು ಪಡೆದು, ಅಡ್ಡಗೆರೆ ಹೊಡೆದು ಇಡಬೇಕು.