ವಿಲ್ಸನ್ ಊರಿನ ಗಿರಗಿಟ್ಲೆಗಳು

ಅಮೆರಿಕದ ನಾರ್ತ್ ಕೆರೊಲಿನಾಕ್ಕೆ, ಅದರಲ್ಲೂ ರಾಲೀ, ಕ್ಯಾರಿ ಕಡೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ವೀಕೆಂಡ್ ಅಂದ್ರೆ ಎರಡೇ ದಿಕ್ಕು. ಪಶ್ಚಿಮಕ್ಕೆ ಹೋದರೆ ಬೆಟ್ಟ, ಪೂರ್ವಕ್ಕೆ ಹೋದರೆ ಸಮುದ್ರ. ಆ ಪೂರ್ವದ ದಾರಿಯಲ್ಲಿ ಸುಮಾರು ಒಂದು ಗಂಟೆಗೆ ಸಿಗುವ ವಿಲ್ಸನ್‌ನಲ್ಲಿ ಕಾರು ನಿಲ್ಲಿಸುವವರು ಕಡಿಮೆ. 50 ಸಾವಿರದಷ್ಟು ಜನ ಇರುವ ಊರು. ತಂಬಾಕು ಹರಾಜಿನಲ್ಲಿ ಜಗತ್ತಿಗೇ ತಾನು ದೊಡ್ಡದು ಅಂತ ಒಂದು ಕಾಲದಲ್ಲಿ ಮೆರೆದಿತ್ತು. ಈಗ ಉಳಿದಿರೋದು ಕೆಂಪು ಇಟ್ಟಿಗೆಯ ಹಳೇ ಗೋದಾಮುಗಳು. ಅವುಗಳ ಪಕ್ಕದಲ್ಲೇ, ಎರಡು ಎಕರೆ ಹುಲ್ಲಿನ ಮೇಲೆ 30 ಗಿರಗಿಟ್ಲೆಗಳು ತಿರುಗುತ್ತಿವೆ.

ಗಿರಗಿಟ್ಲೆ ಅಂದ ಕೂಡಲೇ ಜಾತ್ರೆಯಲ್ಲಿ ಕೊಡಿಸುವ ಬಣ್ಣದ ಕಾಗದದ್ದನ್ನು ನೆನೆಸಿಕೊಳ್ಳಬೇಡಿ. ಇವು ಕಬ್ಬಿಣದವು. ಕೆಲವು ಸುಮಾರು 50 ಅಡಿ ಎತ್ತರ. ಸೈಕಲ್ ಚಕ್ರ, ಹಳೇ ಫ್ಯಾನಿನ ರೆಕ್ಕೆ, ಮಿಲ್ಕ್‌ಶೇಕ್ ಮಾಡುವ ಸ್ಟೀಲ್ ಲೋಟ, ಕತ್ತರಿಸಿದ ರಸ್ತೆ ಬೋರ್ಡು, ಹೀಗೆ ಗುಜರಿ ಅಂಗಡಿಯೇ ಎದ್ದು ನಿಂತು ಕುಣಿದ ಹಾಗೆ. ಗಾಳಿ ಬಂದರೆ ಒಬ್ಬ ತಗಡಿನ ಮನುಷ್ಯ ಗಿಟಾರ್ ಬಾರಿಸ್ತಾನೆ, ಇನ್ನೊಬ್ಬ ಸೈಕಲ್ ತುಳೀತಾನೆ. ಮೇಲೆ ವಿಮಾನ. ಗಾಳಿಯ ದಿಕ್ಕು ಬದಲಾದರೆ ಹಿಂದಿನ ಬಾಲ ತಳ್ಳಿ ಇಡೀ ಯಂತ್ರವೇ ನಿಧಾನಕ್ಕೆ ಮುಖ ತಿರುಗಿಸುತ್ತೆ.

ಇವನ್ನೆಲ್ಲ ಮಾಡಿದ್ದು ವಾಲಿಸ್ ಸಿಂಪ್ಸನ್ ಅನ್ನೋ ಮೆಕ್ಯಾನಿಕ್. ಹುಟ್ಟಿದ್ದು 1919ರಲ್ಲಿ. ವಿಲ್ಸನ್ ಹತ್ತಿರದ ಲುಕಾಮಾ ಎಂಬ ಹಳ್ಳಿಯಲ್ಲಿ ಹೊಲದ ಯಂತ್ರ ರಿಪೇರಿ ಮಾಡಿಕೊಂಡು, ಇಡೀ ಮನೆಗಳನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಮಾಡಿಕೊಂಡು ಇದ್ದವರು. (ಇಲ್ಲಿ ಮರದ ಮನೆಗಳು, ಎತ್ತಿ ಲಾರಿ ಮೇಲೆ ಇಡಬಹುದು.) ಎರಡನೇ ಮಹಾಯುದ್ಧದಲ್ಲಿ ಸೈಪಾನ್ ದ್ವೀಪದಲ್ಲಿದ್ದಾಗ, ಹಾಳಾದ ಬಿ-29 ಬಾಂಬರ್ ವಿಮಾನದ ಭಾಗಗಳಿಂದ ಒಂದು ಗಾಳಿಯಂತ್ರ ಮಾಡಿ ಅದರಿಂದ ಬಟ್ಟೆ ಒಗೆಯುವ ಮಷಿನ್ ಓಡಿಸಿದ್ದರಂತೆ. ದೊಡ್ಡ ಗಿರಗಿಟ್ಲೆಗಳನ್ನು ಶುರು ಮಾಡಿದ್ದು ಮಾತ್ರ 65ರ ಆಸುಪಾಸಿನಲ್ಲಿ, ನಿವೃತ್ತಿ ಅಂತ ಬೇರೆಯವರು ಸುಮ್ಮನೆ ಕೂರುವ ವಯಸ್ಸಿನಲ್ಲಿ. ಮುಂದೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಅವರ ಗಿರಗಿಟ್ಲೆಗಳು ಹೋದವು.

ಅವೆಲ್ಲ ನಿಂತಿದ್ದು ಅವರ ಜಮೀನಿನಲ್ಲಿ, ರಸ್ತೆ ಪಕ್ಕ. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ತಿರುವಿನಲ್ಲಿ ಕಾರಿನ ಹೆಡ್‌ಲೈಟ್ ಬಿದ್ದರೆ ಸಾವಿರಾರು ರಿಫ್ಲೆಕ್ಟರ್ ಚೂರುಗಳು ಒಟ್ಟಿಗೆ ಹೊಳೆಯುತ್ತಿದ್ದವು. ಸುತ್ತಲಿನ ಕಾಲೇಜು ಹುಡುಗರು ಅದಕ್ಕೆ 'ಆಸಿಡ್ ಪಾರ್ಕ್' ಅಂತ ಹೆಸರಿಟ್ಟು ಕತೆಯನ್ನೂ ಕಟ್ಟಿದರು. ನಶೆಯಲ್ಲಿ ಕಾರು ಓಡಿಸಿ ಮಗಳು ಅಲ್ಲೇ ಸತ್ತಳು, ಅವಳು ಕೊನೆಗೆ ಕಂಡದ್ದನ್ನೇ ಅಪ್ಪ ಕಟ್ಟಿದ ಅಂತ. ಮಗಳಿಗೆ ಏನೂ ಆಗಿರಲಿಲ್ಲ, ಅಂಥ ಅಪಘಾತವೇ ನಡೆದಿರಲಿಲ್ಲ. ಆದರೂ ಕತೆ ಓಡುತ್ತಲೇ ಇತ್ತು. ಒಬ್ಬ ಮೆಕ್ಯಾನಿಕ್ ಸುಮ್ಮನೆ ಖುಷಿಗೆ ಇಷ್ಟೆಲ್ಲ ಮಾಡಿರಬಹುದು ಅನ್ನೋದನ್ನು ನಂಬೋಕೆ ಜನಕ್ಕೆ ಯಾಕೋ ಕಷ್ಟ.

ಹೋದ ವರ್ಷ ಅಪ್ಪ ಆರು ತಿಂಗಳಿಗೆ ಬಂದಿದ್ದರು. ತಿಪಟೂರಿನಲ್ಲಿ ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವರು. ಸುಟ್ಟುಹೋದ ಬೋರ್‌ವೆಲ್ ಮೋಟಾರ್ ಬಂತು ಅಂದ್ರೆ ವಾಸನೆಯಲ್ಲೇ ಕಾಯಿಲೆ ಹೇಳುತ್ತಿದ್ದರು. ಅಂಗಡಿ ಮುಚ್ಚಿ ಬಂದಿದ್ದರು, ಇಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ಸೋಫಾ ಮೇಲೆ ಕೂತು ಯೂಟ್ಯೂಬ್ ನೋಡ್ತಾ ಮೆತ್ತಗಾಗ್ತಾ ಇದ್ದರು. ನಯಾಗರಾ ತೋರಿಸಿದೆ. "ಚೆನ್ನಾಗಿದೆ" ಅಂದರು, ಅಷ್ಟೇ.

ವಿಲ್ಸನ್‌ನಲ್ಲಿ ಕಾರಿಂದ ಇಳಿದವರೇ ಮೊದಲ ಗಿರಗಿಟ್ಲೆ ಕೆಳಗೆ ಹೋಗಿ ಕಣ್ಣು ಮುಚ್ಚಿ ನಿಂತರು. "ಬೇರಿಂಗ್ ಹೊಸದು ಹಾಕವ್ರೆ ಕಣೋ. ಸದ್ದು ಕೇಳು. ಆದ್ರೆ ಅಲ್ಲೊಂದು ಕಿರ್ ಅಂತೈತೆ ನೋಡು, ಅದಕ್ಕೆ ಗ್ರೀಸ್ ಬೇಕು."

ಅವರು ಹೇಳಿದ್ದು ಸರಿ. 2010ರ ಹೊತ್ತಿಗೆ ಸಿಂಪ್ಸನ್‌ಗೆ 90 ದಾಟಿತ್ತು. ಮೇಲೆ ಹತ್ತಿ ಎಣ್ಣೆ ಬಿಡೋಕೆ ಆಗುತ್ತಿರಲಿಲ್ಲ, ಗಿರಗಿಟ್ಲೆಗಳು ತುಕ್ಕು ಹಿಡಿದು ನಿಲ್ಲುತ್ತಾ ಬಂದಿದ್ದವು. ಊರಿನವರು ಸೇರಿ ಅವನ್ನು ಒಂದೊಂದಾಗಿ ಇಳಿಸಿ, ಬಿಚ್ಚಿ, ಬೇರಿಂಗ್ ಬದಲಾಯಿಸಿ, ಮೂಲ ಬಣ್ಣ ಹುಡುಕಿ ಮತ್ತೆ ಬಳಿದರು. ಸಿಂಪ್ಸನ್ ಸ್ವತಃ ಬಂದು ಜೊತೆಗೆ ಕೆಲಸ ಮಾಡುತ್ತಿದ್ದರು. ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಡಾಕ್ಯುಮೆಂಟೇಶನ್ನೇ ಇಲ್ಲದ ಕೋಡು, ಬರೆದವನೊಬ್ಬನೇ ಬಲ್ಲವನು, ಅವನು ಹೋಗುವ ಮುಂಚೆ ಕೇಳಿಕೊಳ್ಳಬೇಕು. 2013ರ ಮೇನಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ರಾಜ್ಯ ಅವರ ಗಿರಗಿಟ್ಲೆಗಳನ್ನು ಅಧಿಕೃತ ಜನಪದ ಕಲೆ ಎಂದು ಘೋಷಿಸಿತು. ಪಾರ್ಕ್ ತೆರೆದದ್ದು 2017ರ ನವೆಂಬರ್‌ನಲ್ಲಿ. ಅವರು ನೋಡಲಿಲ್ಲ.

ಜಮೀನಿನಿಂದ ಕಿತ್ತು ಊರೊಳಗೆ ನಿಲ್ಲಿಸಿದ್ದು ತಪ್ಪು ಅನ್ನುವವರಿದ್ದಾರೆ. ಆ ಕತ್ತಲ ತಿರುವಿನ ಬೆರಗು ಹೋಯಿತು, ನಿಜ. ಆದರೆ ತಿರುಗೋಕೆ ಅಂತ ಮಾಡಿದ್ದು ತಿರುಗಬೇಕು ಅನ್ನೋದು ನನ್ನ ಅಭಿಪ್ರಾಯ. ತುಕ್ಕು ಹಿಡಿದು ನಿಂತ ಗಿರಗಿಟ್ಲೆ ಫೋಟೋಗೆ ಮಾತ್ರ ಚೆಂದ.

ಇದೇ ಊರಿನಲ್ಲಿ ಇನ್ನೊಂದು ವಿಚಿತ್ರ ಇದೆ, ದುಂಡಗಿನ ಮನೆ. ಆಲಿವರ್ ನೆಸ್ಟಸ್ ಫ್ರೀಮನ್ ಎಂಬ ಕರಿಯ ಕಲ್ಲುಕೆಲಸಗಾರ 1940ರ ದಶಕದಲ್ಲಿ ಕಟ್ಟಿದ್ದು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಕಡಿಮೆ ಬಾಡಿಗೆಯ ಮನೆ ಸಿಗದ ಕಾಲ. ಕೈಗೆ ಸಿಕ್ಕ ಕಲ್ಲು, ಬಾಟಲಿಗಳನ್ನೇ ಗೋಡೆಗೆ ಸೇರಿಸಿದ್ದಾರೆ. ಒಳಗೆ ಕೋಣೆಗಳು ಹೋಳಿಗೆ ಕತ್ತರಿಸಿದ ಹಾಗೆ ತ್ರಿಕೋನ. ಮಂಚ ಎಲ್ಲಿ ಹಾಕ್ತಿದ್ರು ಅಂತ ಅಪ್ಪ ತುಂಬ ಹೊತ್ತು ತಲೆ ಕೆಡಿಸಿಕೊಂಡರು. ಈಗ ಅದು ಮ್ಯೂಸಿಯಂ. ಅಂದ ಹಾಗೆ, ದೊಡ್ಡ ಕಂಪನಿಗಳು ಬರಲ್ಲ ಅಂದಾಗ 2008ರಲ್ಲಿ ತಾನೇ ಫೈಬರ್ ಇಂಟರ್ನೆಟ್ ಎಳೆದುಕೊಂಡ ಊರೂ ಇದೇ. ಬೇಕಾದ್ದನ್ನು ಕೈಯಾರೆ ಮಾಡಿಕೊಳ್ಳುವ ಜನ.

ವಾಪಸ್ ಬರುವಾಗ ಅಪ್ಪ ಮಾತು ನಿಲ್ಲಿಸಲಿಲ್ಲ. ಯಾವ ಕಂಪನಿಯ ಮೋಟಾರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ ಅಂತ ಬರೆದಿಟ್ಟ ನೋಟ್‌ಬುಕ್ ಊರಲ್ಲಿ ಅಟ್ಟದ ಮೇಲಿದೆಯಂತೆ. "ಅರ್ಧ ತಲೇಲೇ ಐತೆ, ಬರೆದಿಲ್ಲ" ಅಂದರು. ಮಾರನೇ ದಿನದಿಂದ ಕೂತು ಹೇಳಿಸಿಕೊಂಡು ಟೈಪ್ ಮಾಡಿದೆ. ಹೊರಡುವ ಹೊತ್ತಿಗೆ 140 ಸಾಲಿನ ಸ್ಪ್ರೆಡ್‌ಶೀಟ್ ಆಗಿತ್ತು. ಈಗ ನಮ್ಮೂರಿನ ಇಬ್ಬರು ವೈಂಡಿಂಗ್ ಹುಡುಗರ ಮೊಬೈಲ್‌ನಲ್ಲಿ ಅದಿದೆ. ಅನುಮಾನ ಬಂದರೆ ಅಪ್ಪನಿಗೇ ಫೋನ್ ಮಾಡ್ತಾರೆ.

ನೀವು ಹೋಗೋದಾದರೆ ಸಂಜೆ ಹೋಗಿ, ಕತ್ತಲಾಗುವವರೆಗೆ ಇರಿ. ಫೋನಿನ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಮೇಲೆ ಬಿಡಬೇಕು. ರಿಫ್ಲೆಕ್ಟರ್ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತೆ, ಆದ್ದರಿಂದ ಟಾರ್ಚ್ ಹಿಡಿದವರಿಗೇ ಚೆನ್ನಾಗಿ ಕಾಣೋದು. ನಾನು ಬೆಳಕು ಬಿಟ್ಟಾಗ ಅಪ್ಪ ಹತ್ತು ಅಡಿ ದೂರದಲ್ಲಿದ್ದರು. "ಏನೂ ಹೊಳೀತಿಲ್ವಲ್ಲೋ" ಅಂದರು. ಹತ್ತಿರ ಕರೆದು, ತಲೆಗೆ ತಲೆ ತಾಗಿಸಿಕೊಂಡು ನಿಲ್ಲಿಸಿದೆ. "ಓಹೋ" ಅಂದರು.