ಮನದ ಬೇನೆಗೆ ಮದ್ದಿನ ಆಯ್ಕೆ

ಮೈಗೆ ಜ್ವರ ಬಂದರೆ ನಾಲ್ವರ ಮುಂದೆ ಹೇಳಿಕೊಳ್ಳುವೆವು. ಮನಸ್ಸಿಗೆ ಬೇನೆ ಬಂದರೆ ಮುಚ್ಚಿಡುವೆವು. ನಾವೂ ಹಾಗೆಯೇ ಮುಚ್ಚಿಟ್ಟವರು. ತುರ್ವಿಹಾಳದ ನಮ್ಮ ಮನೆಗೆ ಒಂದು ವರ್ಷ ಭತ್ತವು ಸಮೃದ್ಧಿಯಾಗಿ ಬಂದರೂ ನಮಗೆ ಹರ್ಷವಿಲ್ಲ, ನಿದ್ರೆಯಿಲ್ಲ. ಕಾಲುವೆಗೆ ನೀರು ಬಂದೀತೆ, ಸಾಲ ತೀರೀತೆ ಎಂಬ ಚಿಂತೆಯು ಕಾರಣ ಕಳೆದ ಮೇಲೆಯೂ ನಮ್ಮನ್ನು ಬಿಡಲೊಲ್ಲದು. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ಮೊದಲು ಒಬ್ಬರು ಕೊಟ್ಟ ಅಲ್ಪ್ರಜೋಲಂ ಗುಳಿಗೆಯಿಂದ ಆ ರಾತ್ರಿಯೇ ನಿದ್ರೆ ಬಂದಿತು. ಇದೇ ಅಮೃತವೆಂದು ಬಗೆದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದಿಲ್ಲದೆ ಕಣ್ಣು ಮುಚ್ಚದಂತಾಯಿತು. ಕಡೆಗೆ ಮನೆಯಾಕೆಯ ಒತ್ತಾಯದಿಂದ ರಾಯಚೂರಿಗೆ ಹೋಗಿ ಮನೋವೈದ್ಯರನ್ನು ಕಂಡೆವು.

ಥೈರಾಯ್ಡಿನ ದೋಷದಿಂದಲೂ ಇಂಥ ಚಿಹ್ನೆಗಳು ತೋರುವುದುಂಟೆಂದು ಅವರು ರಕ್ತಪರೀಕ್ಷೆ ಮಾಡಿಸಿ, ಬಳಿಕ ಎರಡು ದಾರಿಗಳನ್ನು ತಿಳಿಸಿದರು. ಅಮಿಟ್ರಿಪ್ಟಿಲಿನ್ ಹಳೆಯ ಮದ್ದು. ಅಗ್ಗವಾದುದು, ನಿದ್ರೆ ತರುವುದು. ಆದರೆ ಬಾಯಿ ಒಣಗುವುದು, ಮಲಬದ್ಧತೆಯಾಗುವುದು, ಹೃದ್ರೋಗವಿದ್ದವರು ಅಂಜತಕ್ಕದ್ದು, ಮಿತಿ ಮೀರಿದರೆ ಪ್ರಾಣಾಪಾಯ. ಸರ್ಟ್ರಾಲಿನ್, ಎಸ್ಸಿಟಲೋಪ್ರಾಂ ಮುಂತಾದವು ಈಚಿನವು. ಆತಂಕ, ಖಿನ್ನತೆಗಳೆರಡಕ್ಕೂ ಸಲ್ಲುವುವು. ಇವುಗಳಿಂದ ಮೊದಮೊದಲು ಹೊಟ್ಟೆ ತೊಳಸಬಹುದು, ತಳಮಳ ಹೆಚ್ಚಬಹುದು. ದಾಂಪತ್ಯಸುಖಕ್ಕೆ ಕುಂದು ಬರುವುದೂ ಉಂಟು. ಯಾವುದಾದರೂ ಗುಣ ತೋರಲು 2ರಿಂದ 6 ವಾರ ಬೇಕು.

“ಇವುಗಳಲ್ಲಿ ಶ್ರೇಷ್ಠವಾದುದು ಯಾವುದು?” ಎಂದೆವು.

“ಯಾರಿಗೆ ಯಾವುದು ಹಿಡಿಯುವುದೆಂದು ಮುಂಚಿತವಾಗಿ ಹೇಳಲಾಗದು. ಯಾವ ತೊಂದರೆಯನ್ನು ತಾಳಬಲ್ಲಿರಿ, ಯಾವುದನ್ನು ತಾಳಲಾರಿರಿ, ಅದನ್ನು ಹೇಳಿರಿ,” ಎಂದರು.

ನಮ್ಮ ಎದೆಯ ಬೇನೆ ಹಳೆಯದು. ಆದುದರಿಂದ ಸರ್ಟ್ರಾಲಿನ್ ನಿಶ್ಚಯವಾಯಿತು. ಎಂಟನೆಯ ದಿನ ಹೊಟ್ಟೆ ತೊಳಸಿ, ಗುಳಿಗೆಯನ್ನು ಬಿಟ್ಟೇಬಿಡುವೆವೆಂದು ಹಟ ಹಿಡಿದೆವು. ಮನೆಯಾಕೆ, “ನಾಟಿ ಹಚ್ಚಿದ ಎಂಟು ದಿನಕ್ಕೇ ತೆನೆ ಕೇಳುತ್ತೀರೇನ್ರೀ?” ಎಂದಳು. ಆ ಮಾತಿಗೆ ನಾಚಿ ಮುಂದುವರಿಸಿದೆವು. ಐದನೆಯ ವಾರದಲ್ಲಿ ಒಂದು ಮುಂಜಾನೆ ಗದ್ದೆಯ ಹಸುರು ಕಣ್ಣಿಗೆ ಹಿತವೆನಿಸಿತು. ಹಳೆಯ ನಿದ್ರೆಗುಳಿಗೆಯನ್ನು ವೈದ್ಯರು ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಗುಣವಾದ ಮೇಲೆಯೂ ಆರು ತಿಂಗಳಿಗೆ ಕಡಮೆಯಿಲ್ಲದಂತೆ ಮದ್ದು ನಡೆಯಬೇಕು, ಒಮ್ಮೆಲೇ ನಿಲ್ಲಿಸಬಾರದು ಎಂಬ ಅವರ ಕಟ್ಟಳೆಯನ್ನೂ ಪಾಲಿಸಿದೆವು.

ಪ್ರಿಯ ವಾಚಕರೇ, ನೆರೆಮನೆಯವರಿಗೆ ಹಿಡಿದ ಮದ್ದನ್ನು ಬೇಡಿ ತಂದು ನುಂಗಬೇಡಿರಿ. ಎಳೆಯರು ಮದ್ದು ಆರಂಭಿಸಿದರೆ ಮೊದಲ ವಾರಗಳಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಸಾವಿನ ಮಾತು ಬಂದೊಡನೆ ವೈದ್ಯರಿಗೆ ತಿಳಿಸಿರಿ. ದೂರ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು. ಹೇಳಿಕೊಂಡ ಬೇನೆ ಅರ್ಧ ಹಗುರ. ಇದು ನಾವು ತಡವಾಗಿ ಕಲಿತ ಪಾಠ.