ಐದು ದಿನದ ಕೋಚ್

ನಿಮ್ಮ ಮಗನಿಗೆ ಹದಿನೇಳು ವರ್ಷ ಎಂದಿಟ್ಟುಕೊಳ್ಳಿ. ಒಂದು ಸಂಜೆ ದೂರದ ಕಾಲೇಜಿನ ಕೋಚ್ ಒಬ್ಬರು ಮನೆಗೆ ಬಂದು ಕುಳಿತು, "ಹುಡುಗನನ್ನು ನನ್ನ ಕೈಗೆ ಕೊಡಿ. ಓದು, ಊಟ, ಆಟ ಎಲ್ಲವೂ ನನ್ನ ಜವಾಬ್ದಾರಿ" ಎನ್ನುತ್ತಾರೆ. ಅಮೆರಿಕದಲ್ಲಿ ಇದು ಪ್ರತಿವರ್ಷ ಎಷ್ಟೋ ಮನೆಗಳಲ್ಲಿ ನಡೆಯುವ ಮಾತುಕತೆ. ಆ ಮನುಷ್ಯನನ್ನು ನೀವು ಏನು ಕೇಳುವಿರಿ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು 2001ರ ಡಿಸೆಂಬರಿನಲ್ಲಿ. ಯಜಮಾನರ ಓದಿಗಾಗಿ ನಾವು ಆಗ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿದ್ದೆವು. ರಮಝಾನಿನ ಕೊನೆಯ ದಿನಗಳು. ಐದು ಗಂಟೆ ದಾಟುತ್ತಲೇ ಕತ್ತಲಾಗಿ ಇಫ್ತಾರ್ ಆಗಿಬಿಡುತ್ತಿತ್ತು. ಆ ಊರಿಗೆ ಊರೇ ಅಲ್ಲಿನ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಗುಂಗಿನಲ್ಲಿರುತ್ತದೆ. ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ ಅದು. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ತೊಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ. ನೋಡಲು ಆಗ 80 ಸಾವಿರ ಜನ! ಅದರ ನಿಯಮಗಳು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ಆ ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಹಳೆಯ ಕೋಚನ್ನು ತೆಗೆದು, ಡಿಸೆಂಬರ್ 9ರಂದು ಜಾರ್ಜಿಯಾ ಟೆಕ್‌ನಲ್ಲಿದ್ದ ಜಾರ್ಜ್ ಓಲಿಯರಿಯವರನ್ನು ಕರೆತಂದರು. ಒಳ್ಳೆಯ ದಾಖಲೆಯಿದ್ದವರು, ಹಿಂದಿನ ವರ್ಷವಷ್ಟೇ ದೇಶದ ಶ್ರೇಷ್ಠ ಕೋಚ್ ಪ್ರಶಸ್ತಿ ಪಡೆದವರು. ಊರೆಲ್ಲ ಸಂಭ್ರಮ.

ನ್ಯೂ ಹ್ಯಾಂಪ್‌ಶೈರ್‌ನ ಪತ್ರಕರ್ತರೊಬ್ಬರು ಅವರ ಕಾಲೇಜು ದಿನಗಳ ಬಗ್ಗೆ ಒಂದು ಮೆಚ್ಚುಗೆಯ ಬರಹ ಬರೆಯೋಣವೆಂದು ಹಳೆಯ ಸಹಪಾಠಿಗಳಿಗೆ ಫೋನ್ ಮಾಡಿದರು. ಅವರು ಆಡಿದ್ದು ಯಾರಿಗೂ ನೆನಪಿಲ್ಲ! ಬಯೋಡೇಟಾದಲ್ಲಿ ಮೂರು ವರ್ಷ ತಂಡದಲ್ಲಿ ಆಡಿ ಮನ್ನಣೆ ಪಡೆದೆನೆಂದಿತ್ತು. ನಿಜದಲ್ಲಿ ಒಂದೂ ಪಂದ್ಯ ಆಡಿರಲಿಲ್ಲ. ಸ್ನಾತಕೋತ್ತರ ಪದವಿಯೆಂದು ಬರೆದದ್ದೂ ಸುಳ್ಳೆಂದು ತಿಳಿಯಿತು. ಡಿಸೆಂಬರ್ 13ರಂದು ರಾಜೀನಾಮೆ. ಹೆಂಡತಿ ಮಕ್ಕಳಿದ್ದ ಯುವಕನಾಗಿ ಕೆಲಸ ಹುಡುಕುವಾಗ ಬರೆದ ಸಾಲುಗಳವು, ಮುಂದೆ ಅಳಿಸಲೇ ಇಲ್ಲ ಎಂಬುದು ಅವರ ವಿವರಣೆ.

ಇಫ್ತಾರ್‌ಗೆ ಬಂದಿದ್ದವರೆಲ್ಲ ಟಿ.ವಿ. ನೋಡುತ್ತ ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಎರಡು ವಾರದ ಹಿಂದಷ್ಟೇ ದಾವಣಗೆರೆಯಿಂದ ನನ್ನ ತಮ್ಮ ಬಯೋಡೇಟಾ ಕಳಿಸಿ, "ಆಪಾ, ಇಂಗ್ಲಿಷ್ ಸ್ವಲ್ಪ ಸರಿ ಮಾಡು" ಎಂದಿದ್ದ. ಎ.ಸಿ. ರಿಪೇರಿಯಲ್ಲಿ ಅವನ ಅನುಭವ ಎಂಟು ತಿಂಗಳು. ಕಾಗದದಲ್ಲಿ ಎರಡು ವರ್ಷ. ಗೊತ್ತಿದ್ದೂ ನಾನೇ ಟೈಪ್ ಮಾಡಿ ಕಳಿಸಿದ್ದೆ. ಆ ರಾತ್ರಿ ಫೋನ್ ಕಾರ್ಡ್ ಉಜ್ಜಿ ಮಾತಾಡಿದೆ. "ಎಲ್ರೂ ಹಾಗೇ ಹಾಕ್ತಾರೆ ಆಪಾ. ಅಮ್ಮಿಗೆ ಹೇಳ್ಬೇಡ" ಎಂದ. ಈದ್ ಕಳೆದ ಮೇಲೆ ದಮ್ಮಾಮಿನಲ್ಲಿ ಕೆಲಸವೂ ಸಿಕ್ಕಿತು. ಅಕ್ಕನ ಮದುವೆಯ ಸಾಲ ತೀರಿದ್ದು ಅದೇ ಸಂಬಳದಿಂದ. ಅಂದರೆ ನನ್ನ ಮದುವೆಯದ್ದು.

ಅಂದಿನಿಂದ, ಆಟ ತಿಳಿಯದಿದ್ದರೂ ಕೋಚ್‌ಗಳ ಆಯ್ಕೆಯ ಸುದ್ದಿಯನ್ನು ಬಿಡದೆ ಓದುತ್ತ ಬಂದೆ. ಓಲಿಯರಿಯ ಜಾಗಕ್ಕೆ ಸ್ಟ್ಯಾನ್‌ಫರ್ಡ್‌ನಿಂದ ಟೈರೋನ್ ವಿಲ್ಲಿಂಗ್‌ಹ್ಯಾಮ್ ಬಂದರು. ನೋಟರ್ ಡೇಮ್‌ನಲ್ಲಿ ಮುಖ್ಯ ಕೋಚ್ ಆದ ಮೊದಲ ಕರಿಯ ಜನಾಂಗದವರು. ಮೊದಲ ವರ್ಷ ಹತ್ತು ಗೆಲುವು. ಮೂರು ವರ್ಷ ಸೇರಿ 21 ಗೆಲುವು, 15 ಸೋಲು. 2004ರ ನವೆಂಬರ್ 30ರಂದು ಅವರನ್ನು ತೆಗೆದರು. ಆಗ ಕ್ರೀಡಾ ನಿರ್ದೇಶಕರು ಹೇಳಿದ್ದರ ಸಾರ ಇಷ್ಟು: ಭಾನುವಾರದಿಂದ ಶುಕ್ರವಾರದವರೆಗೆ ಎಲ್ಲವೂ ನಿರೀಕ್ಷೆಗಿಂತ ಮಿಗಿಲು, ತೊಂದರೆಯೆಲ್ಲ ಶನಿವಾರದ್ದೇ. ಪಂದ್ಯ ನಡೆಯುವುದು ಶನಿವಾರ! ತಾಯಿಯಾದವಳು ಮಗನನ್ನು ಒಪ್ಪಿಸುವುದು ಆ ಆರು ದಿನಗಳಿಗಾಗಿ. ಕಾಲೇಜು ಸಂಬಳ ಕೊಡುವುದು ಏಳನೆಯ ದಿನಕ್ಕಾಗಿ. ಇದು ನನ್ನ ಲೆಕ್ಕ, ತಪ್ಪಿದ್ದರೆ ತಿದ್ದಿ.

ಓಲಿಯರಿಯವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 2003ರ ಡಿಸೆಂಬರಿನಲ್ಲಿ ಫ್ಲಾರಿಡಾದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಅವರಿಗೆ ತಂಡ ಒಪ್ಪಿಸಿತು. ಮೊದಲ ವರ್ಷ ಹನ್ನೊಂದಕ್ಕೆ ಹನ್ನೊಂದೂ ಸೋಲು. 2013ರ ಋತುವಿನಲ್ಲಿ ಹನ್ನೆರಡು ಗೆಲುವು, 2014ರ ಹೊಸ ವರ್ಷದ ದಿನ ಫಿಯೆಸ್ಟಾ ಬೌಲ್ ಕೂಡ. ಸುಳ್ಳು ಬರೆದವನಿಗೆ ಇನ್ನೊಂದು ಅವಕಾಶ ಸಿಗಬೇಕೆಂದು ನಾನು ಆಗಲೇ ಅಂದುಕೊಂಡಿದ್ದೆ. ತಮ್ಮನಿದ್ದ ಕಾರಣಕ್ಕೇ ಇರಬಹುದು.

ಆದರೆ ನಡುವೆ, 2008ರ ಮಾರ್ಚಿನಲ್ಲಿ, ಅದೇ ತಂಡದ 19ರ ಹುಡುಗನೊಬ್ಬ ವ್ಯಾಯಾಮದ ಬಳಿಕ ಕುಸಿದು ತೀರಿಕೊಂಡ. ಅವನ ರಕ್ತದಲ್ಲಿ ಸಿಕಲ್ ಸೆಲ್ ಗುಣವಿತ್ತು. ಅತಿಯಾಗಿ ದಣಿದರೆ ಅಂಥವರ ಜೀವಕ್ಕೇ ಅಪಾಯವಾಗಬಹುದು. 2011ರಲ್ಲಿ ಜ್ಯೂರಿ ಆ ವಿಶ್ವವಿದ್ಯಾಲಯದ ಕ್ರೀಡಾ ಸಂಘ ನಿರ್ಲಕ್ಷ್ಯ ತೋರಿದೆಯೆಂದು ತೀರ್ಮಾನಿಸಿತು. ತೀರ್ಪು ಸಂಘದ ಮೇಲಿನದು, ಕೋಚ್ ಒಬ್ಬರ ಮೇಲಿನದಲ್ಲ. ಆದರೂ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಪದವಿ ನಿಜವೋ ಸುಳ್ಳೋ ಎಂದು ಒಂದು ಫೋನಿನಲ್ಲಿ ತಿಳಿಯಬಹುದು. ಹುಡುಗ ತೂರಾಡುವಾಗ ಈ ಮನುಷ್ಯ ಮತ್ತು ಇವನ ಸಹಾಯಕರು ಸೀಟಿ ಊದಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಯಾರಿಗೆ ಫೋನ್ ಮಾಡಬೇಕು? ನನ್ನನ್ನು ಕೇಳಿದರೆ, ಹಿಂದೆ ಅವನ ಕೈಕೆಳಗೆ ಆಡಿದ, ಅದರಲ್ಲೂ ಆಡಲು ಅವಕಾಶ ಸಿಗದೆ ಬೆಂಚಿನಲ್ಲೇ ಕುಳಿತ ಹುಡುಗರ ತಾಯಂದಿರಿಗೆ.

ತಮ್ಮ ಈಗ ಅದೇ ಕಂಪೆನಿಯಲ್ಲಿ ಸೂಪರ್‌ವೈಸರ್. ಹೋದ ವರ್ಷ ಫೋನ್ ಮಾಡಿದ್ದ. ಕೆಲಸ ಕೇಳಿಕೊಂಡು ಬಂದ ಹುಡುಗನೊಬ್ಬ ಒಂದು ವರ್ಷ ಅನುಭವ ಹೆಚ್ಚು ತೋರಿಸಿದ್ದಾನಂತೆ.

"ಏನು ಮಾಡಿದೆ?" ಎಂದೆ.

"ಹಳೇ ಎ.ಸಿ. ಒಂದನ್ನ ಬಿಚ್ಚಿ ಕೊಟ್ಟೆ ಆಪಾ. ಅರ್ಧ ಜೋಡಿಸಿ, 'ಮುಂದೆ ಗೊತ್ತಿಲ್ಲ ಸಾರ್' ಅಂದ. ಗೊತ್ತಿಲ್ಲ ಅಂದಿದ್ದಕ್ಕೇ ಇಟ್ಕೊಂಡೆ. ಕಾಗದ ಮಾತ್ರ ಬೇರೆ ಬರೆಸಿದೆ."

"ನಿನ್ನದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಅತ್ತಲಿಂದ ಮಾತಿಲ್ಲ.

"ಫೈಲಲ್ಲಿ ಹಾಗೇ ಇದೆ" ಎಂದ.